ಚಾಸಿಗೆ ತವರಿನ ನೆನಪು

ಇಪ್ಪತ್ತೆರಡು ವರ್ಷದ ಹಿಂದೆ ಮುರಿಗೆಪ್ಪ ಒಂದು ಮಾತು ಕೊಟ್ಟಿದ್ದ. ಕೊಟ್ಟದ್ದು ಅವನು, ಅದನ್ನು ಹೊತ್ತು ತಿರುಗಿದ್ದು ಅವನ ಹೆಂಡತಿ ದಾಕ್ಷಾಯಣಿ.

ಅವತ್ತು ಭದ್ರಾವತಿಯ ಹಳೇನಗರದಲ್ಲಿ ದಾಕ್ಷಾಯಣಿಯ ಅಣ್ಣ ಚನ್ನಬಸಪ್ಪನ ಹೊಸ ಮನೆಯ ಗೃಹಪ್ರವೇಶ. ಮುರಿಗೆಪ್ಪ ಹೆಂಡತಿಯನ್ನು ಸೈಕಲ್ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೊಳೆಯ ಈಚೆಯ ನ್ಯೂಟೌನಿನಿಂದ ಹೊರಟು, ಸೇತುವೆ ದಾಟಿ, ಸರಿಯಾಗಿ ಭಾವನ ನವಿಲುಗೇಟಿನ ಮುಂದೆ ಬಂದಾಗ ಚೈನು ಕಡಿಯಿತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮುಯ್ಯಿಗೆ ತಂದ ಕೊಳಗ ಚರಂಡಿಯ ಕಡೆ!

“ಭಾವ, ಮುಂದಿನ ಸಲ ಎತ್ತಿನ ಗಾಡೀಲಿ ಬನ್ನಿ. ಎತ್ತಿಗೆ ಚೈನ್ ಇರಲ್ಲ!” ಎಂದ ಚನ್ನಬಸಪ್ಪ. ಪಂಕ್ತಿಯಲ್ಲಿದ್ದವರು ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ನಕ್ಕರು.

ಮುರಿಗೆಪ್ಪ ಗ್ರೀಸು ಮೆತ್ತಿದ ಕೈಯೆತ್ತಿ ಗುಡುಗಿದ. “ನನ್ನ ಸ್ವಂತ ಕಾರಿನಿಂದ ನಿನ್ನ ತಂಗೀನ ಇದೇ ಗೇಟಿನ ಮುಂದೆ ಇಳಿಸ್ತೀನಿ. ಅಲ್ಲೀವರೆಗೂ ನಾವು ಈ ಗೇಟು ದಾಟಲ್ಲ!”

“ಅಲ್ಲೀವರೆಗೂ ನಾನೂ ತೆಗೆಯಲ್ಲ!” ಎಂದ ಅಣ್ಣ.

ಇಬ್ಬರೂ ಕಾರ್ಖಾನೆಯ ಫೌಂಡ್ರಿಯಲ್ಲಿ ಅಕ್ಕಪಕ್ಕ ನಿಂತು ಕಬ್ಬಿಣ ಕರಗಿಸಿದವರು. ಕಬ್ಬಿಣ ಕರಗುತ್ತಿತ್ತು, ಇವರು ಕರಗಲಿಲ್ಲ.

ಈಗ ಆ ಅಣ್ಣನ ಮಗಳು ಸ್ಫೂರ್ತಿಯ ನಿಶ್ಚಿತಾರ್ಥ, ವಿಜಯದಶಮಿಯ ಬೆಳಿಗ್ಗೆ ಹತ್ತಕ್ಕೆ. ಸೋದರತ್ತೆ ಇಲ್ಲದೆ ಆರತಿ ಎತ್ತುವವರು ಯಾರು? ಹುಡುಗಿ ಕದ್ದು ಬಂದು ಅಳತೆ ಕೊಟ್ಟು ಹೋಗಿದ್ದಳು. ದಾಕ್ಷಾಯಣಿ ತನ್ನ ಹೊಲಿಗೆ ಮೆಷಿನ್ನಿನಲ್ಲಿ ಅವಳ ರವಿಕೆ ಹೊಲಿದು, ಕೊಕ್ಕೆ ಹಾಕಿ, ಇಸ್ತ್ರಿ ಮಾಡಿ ಇಟ್ಟಿದ್ದಳು. ಹೋಗುವುದೊಂದು ಬಾಕಿ.

“ಆಟೋದಲ್ಲಿ ಹೋಗೋಣ ಕಣ್ರೀ.”

“ದಾಕ್ಷಾಯಣಿ ಹಟ ಮಾಡಿ ತವರಿಗೆ ಹೋಗಿ ಏನಾಯ್ತು? ಪುರಾಣ ಗೊತ್ತಲ್ಲ?”

“ಅವಳನ್ನ ಕರೆದಿರಲಿಲ್ಲ. ನನಗೆ ಕಾರ್ಡು ಬಂದಿದೆ!”

“ಕಾರ್ಡು ಬಂದರೆ ಕಾರೂ ಬರುತ್ತೆ. ಬಾ ಇಲ್ಲಿ!” ಎಂದು ಮುರಿಗೆಪ್ಪ ಅವಳನ್ನು ಹಿತ್ತಿಲಿನ ಶೆಡ್ಡಿಗೆ ಕರೆದೊಯ್ದ.

ಅಲ್ಲಿ ಆ ಕಾರು ಇತ್ತು, ಅಂದರೆ ಕಾರಿನ ಅಸ್ಥಿ ಇತ್ತು. ಯಾವ ಕಾಲದ್ದೋ ವಿಲಾಯ್ತಿ ಕಾರಿನ ಚಾಸಿ. ಗುಜರಿಯವನು ಅದರ ಮೇಲೆ ಸೌದೆ ಒಟ್ಟಿಕೊಂಡಿದ್ದ. ಮುರಿಗೆಪ್ಪ ಅದನ್ನು ತಂದು, ಲಾರಿಯ ಎಂಜಿನ್ನು ಕೂರಿಸಿ, ನಾಲ್ಕು ಗಾಲಿ ಸಿಕ್ಕಿಸಿ, ಹಲಗೆಯ ಸೀಟು ಹಾಕಿದ್ದ. ಬಾನೆಟ್ಟಿಲ್ಲ, ಬಾಗಿಲಿಲ್ಲ, ಮೇಲೆ ಸೂರಿಲ್ಲ.

“ಇದಕ್ಕೆ ಹಾಟ್‌ರಾಡ್ ಅಂತಾರೆ. ಹಳೇ ಕಾರಿನ ಮೈ ಇಳಿಸಿ, ಎಂಜಿನ್ನು ಹೊರಗೆ ಕಾಣೋ ಹಾಗೆ ಮಾಡಿ, ಗಾಳಿ ಹಾಗೆ ಓಡಿಸೋದು. ಅದೇ ಸ್ಟೈಲು!”

“ಅರ್ಧ ಸೀರೆ ಉಟ್ಟು ಬೀದಿಗೆ ಓಡಿದ ಹಾಗಿದೆ,” ಎಂದಳು ದಾಕ್ಷಾಯಣಿ. “ಈ ತೂತುಗಳು?”

ಅದೇ ತೊಂದರೆ. ತುಕ್ಕು ಚಾಸಿಯನ್ನು ಹಪ್ಪಳದ ಹಾಗೆ ತಿಂದುಹಾಕಿತ್ತು. ಮುರಿಗೆಪ್ಪ ಫೌಂಡ್ರಿಯ ಹಳೇ ತುಂಡು ಬೆಸೆದು ತೇಪೆ ಹಾಕಿದ್ದರೂ, ಎಂಜಿನ್ನು ಒಮ್ಮೆ ಕೆಮ್ಮಿದರೆ ಚಾಸಿ ಎರಡು ಸಲ ನರಳುತ್ತಿತ್ತು.

“ಅದಕ್ಕೇ ಇದು!” ಎಂದು ಅವನು ಟವೆಲ್ಲು ಎಳೆದ. ಅಲ್ಯುಮಿನಿಯಂ ಕುಕ್ಕರು, ಅದರ ಸುತ್ತ ತಾಮ್ರದ ತಂತಿ, ತುದಿಗೆ ಹಿತ್ತಾಳೆಯ ಗ್ರಾಮಾಫೋನ್ ಕೊಳವೆ, ಪಕ್ಕದಲ್ಲಿ ಫ್ಯಾನಿನ ರೆಗ್ಯುಲೇಟರು, ಹಿಂದೆ ಲಾರಿ ಬ್ಯಾಟರಿ. “ತವರುಯಂತ್ರ! ತುಕ್ಕು ಅಂದ್ರೇನು? ಮನೆ ಬಿಟ್ಟು ಹೋಗಿ, ಗಾಳಿ ನೀರಿನ ಸಹವಾಸ ಮಾಡಿ ತನ್ನನ್ನೇ ಮರೆತ ಕಬ್ಬಿಣ. ಒಂದು ಕುಲುಮೆಯಲ್ಲಿ ಕರಗಿದ ಕಬ್ಬಿಣಕ್ಕೆಲ್ಲ ಒಂದೇ ಕಂಪನ ಇರುತ್ತೆ, ಒಡಹುಟ್ಟಿದವರ ಹಾಗೆ. ನನ್ನ ಯಂತ್ರ ಆ ಕಂಪನದಲ್ಲಿ ಕರೆಯುತ್ತೆ. ಒಡಹುಟ್ಟು ಓಡಿ ಬಂದು ಕೂಡಿಕೊಳ್ಳುತ್ತೆ!”

“ಒಡಹುಟ್ಟಿದವರು ಕರೆದ ತಕ್ಷಣ ಓಡಿ ಬರ್ತಾರೆ ಅಂತ ನಿಮಗೆ ಯಾರ್ರೀ ಹೇಳಿದ್ದು?”

ಅವನು ರೆಗ್ಯುಲೇಟರನ್ನು ಒಂದಕ್ಕೆ ತಿರುಗಿಸಿದ. ಕುಕ್ಕರು ಗುಂಯ್ಗುಟ್ಟಿತು. ನೆಲದ ಮೇಲಿದ್ದ ಕೆಂಪು ತುಕ್ಕಿನ ಪುಡಿ ಇರುವೆಸಾಲಿನಂತೆ ಎದ್ದು, ಚಾಸಿಯ ಕಾಲು ಹತ್ತಿ, ಒಂದು ತೂತಿಗೆ ಹೊಕ್ಕು ಕಪ್ಪಗೆ ಹೊಳೆಯಿತು. ತೂತು ಮಾಯ! ದಾಕ್ಷಾಯಣಿಯ ಬಾಯಿ ತೆರೆದೇ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ಮಾಡಿದ್ದು ಮೊದಲ ಸಲ ಕೆಲಸ ಮಾಡಿತ್ತು. ಆಗಲೇ ಅವಳು ಹೆದರಬೇಕಿತ್ತು.

ಮಾರನೆಯ ದಿನ ಆಯುಧಪೂಜೆ. ಆ ಬೀದಿಯಲ್ಲಿ ಫೌಂಡ್ರಿಯ ಹಿರಿಯ ಮುರಿಗೆಪ್ಪನ ಮನೆಯಲ್ಲೇ ಎಲ್ಲರ ಪೂಜೆಯೂ ನಡೆಯುವುದು ರೂಢಿ. ಸುತ್ತಿಗೆ, ಹಾರೆ, ಈಳಿಗೆಮಣೆ, ಮೂಲೆಯಂಗಡಿ ಕುಬೇರಶೆಟ್ಟರ ಕಬ್ಬಿಣದ ತಕ್ಕಡಿಕಲ್ಲು, ದಾಕ್ಷಾಯಣಿಯ ಹೊಲಿಗೆ ಮೆಷಿನ್ನು, ಎಲ್ಲವೂ ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವು ಮುಡಿದು, ಯಂತ್ರದ ಸಮೇತ ಅಂಗಳಕ್ಕೆ ತಳ್ಳಿ ತಂದ ಕಾರಿನ ಸುತ್ತ ಕುಳಿತವು. ನಾಲ್ಕು ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣು. ಗಾಡಿ ಹೊರಟು ಅವನ್ನು ಅಪ್ಪಚ್ಚಿ ಮಾಡಿದರೆ ಪೂಜೆ ಮುಗಿದಂತೆ.

“ನೀನು ಸೀಟಿನ ಮೇಲೆ ಕೂತ್ಕೋ ಕಣೇ. ಮಂಗಳಾರತಿ ಆಗ್ತಿದ್ದ ಹಾಗೇ ಚಾಸಿ ಗಟ್ಟಿ ಮಾಡ್ತೀನಿ. ನಾಳೆ ಬೆಳಿಗ್ಗೆ ಇದರಲ್ಲೇ ಹೊರಡೋದು.”

“ಇವತ್ತು ಯಾವ ಯಂತ್ರಾನೂ ಮುಟ್ಟಬಾರದು ಕಣ್ರೀ! ವರ್ಷಕ್ಕೊಂದು ದಿನ ಅವಕ್ಕೂ ರಜಾ ಬೇಡ್ವಾ?”

“ಇದು ಕೆಲಸ ಅಲ್ಲ, ಸೇವೆ!” ಎಂದ ಮುರಿಗೆಪ್ಪ. ಗಂಟೆ ಮೊಳಗಿತು, ಕರ್ಪೂರ ಹೊತ್ತಿತು. ಅವನಿಗೆ ಭಕ್ತಿ ಉಕ್ಕಿತು. ಹಬ್ಬದ ದಿನ ದೇವರ ಮುಂದೆ ಬರೀ ಒಂದರಲ್ಲಿಡುವುದೇ? ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿಬಿಟ್ಟ!

ಕುಕ್ಕರು ಕೂಗಿತು. ಮೊದಲು ಎದ್ದದ್ದು ಈಳಿಗೆಮಣೆ. ಹೂವಿನ ಸಮೇತ ಗಾಳಿಯಲ್ಲಿ ಹಾರಿ ಚಾಸಿಗೆ ಠಣ್ ಎಂದು ಅಂಟಿತು. ಹಿಂದೆಯೇ ಹಾರೆ, ಸುತ್ತಿಗೆ. ಹೊಲಿಗೆ ಮೆಷಿನ್ನು ಬಂದು ದಾಕ್ಷಾಯಣಿಯ ಮಡಿಲಿಗೆ ಒತ್ತಿಕೊಂಡು ಡ್ಯಾಶ್‌ಬೋರ್ಡಾಗಿ ಕೂತುಬಿಟ್ಟಿತು.

“ನನ್ನ ಒಂದು ಕೇಜಿ! ನನ್ನ ಎರಡು ಕೇಜಿ!” ಎಂದು ಹಾರುವ ಕಲ್ಲುಗಳ ಹಿಂದೆ ಕುಬೇರಶೆಟ್ಟರು ಓಡಿದರು.

“ಆರಿಸ್ರೀ ಅದನ್ನ!” ದಾಕ್ಷಾಯಣಿ ಕಿರುಚಿದಳು.

“ಆರಿಸೋ ತಿರುಪಿನ ಸ್ಕ್ರೂ ಕಬ್ಬಿಣದ್ದು! ಅದೂ ಹಾರಿಹೋಯ್ತು!”

“ವೈರು ಕೀಳ್ರೀ!”

“ಕಟಿಂಗ್ ಪ್ಲೇಯರ್ ನಿನ್ನ ಬೆನ್ನ ಹಿಂದೆ ಅಂಟಿದೆ ಕಣೇ!”

ಮುರಿಗೆಪ್ಪನಿಗೆ ಆಗ ಹೊಳೆಯಿತು. ಚಾಸಿಯ ತೇಪೆಗಳು ಊರಿನ ಕುಲುಮೆಯ ಕಬ್ಬಿಣ. ಭದ್ರಾವತಿಯಲ್ಲಿ ಆ ಕುಲುಮೆಯಲ್ಲಿ ಹುಟ್ಟದ ಕಬ್ಬಿಣ ಯಾರ ಮನೆಯಲ್ಲಿದೆ? ಯಂತ್ರ ಕರೆಯುತ್ತಿದ್ದದ್ದು ತುಕ್ಕನ್ನಲ್ಲ, ಇಡೀ ಬಳಗವನ್ನು!

ಬಳಗ ಬಂತು. ಬೀದಿಯ ಗೇಟುಗಳು ಕೀಲು ಕಿತ್ತುಕೊಂಡು ಸಾಲಾಗಿ ಬಂದವು. ಚರಂಡಿಯ ಮುಚ್ಚಳಗಳು ಉರುಳುರುಳಿ ಬಂದವು. ಹಾಲಿನ ಮಾದಪ್ಪ ಸೈಕಲ್ಲಿನ ಮೇಲೆ ಕೂತಂತೆಯೇ ಹಿಂದುಮುಂದಾಗಿ ಬಂದ. “ಬ್ರೇಕು ಹಿಡಿದೇ ಇದೀನಿ ಅಣ್ಣಾ! ಬ್ರೇಕೇ ನನ್ನನ್ನ ಎಳೀತಿದೆ!” ಕಾರು ಹಿಂದಕ್ಕೂ ಮೇಲಕ್ಕೂ ಬೆಳೆದು, ಹಾಟ್‌ರಾಡು ಹೋಗಿ ಕಬ್ಬಿಣದ ಗೋಪುರವಾಯಿತು. ನಡುವೆ ದಾಕ್ಷಾಯಣಿ, ಗರ್ಭಗುಡಿಯ ಅಮ್ಮನವರಂತೆ.

“ಚಾಸಿ ಗಟ್ಟಿಯಾಯ್ತು, ನೋಡಿದ್ಯಾ!” ಎಂದ ಮುರಿಗೆಪ್ಪ. ಅವನ ಆತ್ಮವಿಶ್ವಾಸಕ್ಕೆ ಮಾತ್ರ ಯಾವತ್ತೂ ತುಕ್ಕು ಹಿಡಿದದ್ದಿಲ್ಲ.

ಅಷ್ಟರಲ್ಲಿ ಹೊಳೆಯ ಕಡೆಯಿಂದ ಕೂಗಾಟ ಕೇಳಿತು. ದಾಕ್ಷಾಯಣಿ ಕತ್ತೆತ್ತಿದಳು. ಸೇತುವೆಯ ಮೇಲಿನಿಂದ ಹಸಿರು ಬಣ್ಣದ ಜೋಡಿ ನವಿಲಿನ ದೊಡ್ಡ ಗೇಟೊಂದು ಚೆಂಡುಹೂವಿನ ಹಾರ ಹಾಕಿಕೊಂಡು ತೇಲಿ ಬರುತ್ತಿತ್ತು. ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಪಂಚೆ ಹಾರಾಡಿಸುತ್ತ, ಕಂಕುಳಲ್ಲಿ ಒಡೆಯದ ತೆಂಗಿನಕಾಯಿ ಇಟ್ಟುಕೊಂಡು ಚನ್ನಬಸಪ್ಪ!

“ಬಿಡ್ಬೇಡಿ ಭಾವ, ಬಿದ್ದೀರಿ!” ಮುರಿಗೆಪ್ಪ ಕೂಗಿದ.

“ಬಿಟ್ರೆ ಗೇಟು ಹೋಗುತ್ತೆ ಕಣಯ್ಯಾ!”

ಗೇಟು ಅಂಗಳಕ್ಕಿಳಿದು, ಕಾರಿನ ಮೂತಿಯ ಮುಂದೆ ನೆಟ್ಟಗೆ ನಿಂತು, ಢಣ್ ಎಂದು ಕೂಡಿಕೊಂಡಿತು. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ಕುಕ್ಕರು ಕೊನೆಯ ಸೀಟಿ ಹೊಡೆದು ಸುಮ್ಮನಾಯಿತು.

ಗೇಟಿನ ಆಚೆ ಅಣ್ಣ, ಈಚೆ ಕಾರಿನಲ್ಲಿ ತಂಗಿ. ಅವನ ಕೂದಲೆಲ್ಲ ಬೆಳ್ಳಗಾಗಿರುವುದನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು.

“ದಾಕ್ಷೀ, ಪೆಟ್ಟಾಯ್ತೇನೇ?”

“ಇಲ್ಲಣ್ಣಾ. ನಿನಗೆ?”

“ಇಲ್ಲ.” ಅವನು ಪಂಚೆ ಸರಿಮಾಡಿಕೊಂಡ.

ಮುರಿಗೆಪ್ಪ ಮಾತ್ರ ಬೆರಳು ಮಡಚುತ್ತಿದ್ದ. “ಕಾರು ನನ್ನದು, ಒಂದು. ಗೇಟು ನಿಮ್ಮದು, ಎರಡು. ಇಳಿಯೇ ದಾಕ್ಷಾಯಣಿ!”

ದಾಕ್ಷಾಯಣಿ ಹೊಲಿಗೆ ಮೆಷಿನ್ನಿನ ಕೆಳಗಿನಿಂದ ನುಸುಳಿ, ಈಳಿಗೆಮಣೆಯ ಮೇಲೆ ಕಾಲಿಡದಂತೆ ಜೋಪಾನವಾಗಿ ಇಳಿದಳು. ಇಪ್ಪತ್ತೆರಡು ವರ್ಷದಿಂದ ಅವಳಿಗಾಗಿ ತೆಗೆಯದ ಗೇಟಿನ ಅಗುಳಿಯನ್ನು ಚನ್ನಬಸಪ್ಪ ತಾನೇ ಸರಿಸಿದ. ಗೇಟು ಕಿರ್ರೆಂದು ತೆರೆಯಿತು.

“ಒಳಗೆ ಬಾ,” ಎಂದ. ಆಮೇಲೆ ಸುತ್ತ ನೋಡಿ, “ಒಳಗೆ ಅಂದ್ರೆ ಯಾವ ಕಡೆ ಅಂತ ಮಾತ್ರ ಕೇಳ್ಬೇಡ,” ಎಂದ.

ಅವಳು ನಕ್ಕುಬಿಟ್ಟಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ದಾಟಿದಳು.

ಗೇಟು ಮಾತ್ರ ಬಿಡಲಿಲ್ಲ. ಹನ್ನೆರಡು ಜನ ಎಳೆದರು, ಬಿಡಲಿಲ್ಲ. ಬೀದಿಯವರ ಗೇಟುಗಳೂ ಬಿಡಲಿಲ್ಲ. ಮಾರನೆಯ ದಿನ ಹತ್ತು ಗಂಟೆಗೆ ಹಳೇನಗರದಲ್ಲಿ ಚನ್ನಬಸಪ್ಪ ಶಾಮಿಯಾನದ ಕೆಳಗೆ ಬೀಗರನ್ನು ಕಾಯುತ್ತ ನಿಂತಿದ್ದ. ಕಾರ್ಡಿನಲ್ಲಿ ಅವನೇ ಅಚ್ಚು ಹಾಕಿಸಿದ್ದ, ‘ಹಸಿರು ನವಿಲುಗೇಟಿನ ಮನೆ’ ಎಂದು. ಗಂಡಿನ ಕಡೆಯವರು ದಾರಿಯುದ್ದಕ್ಕೂ ವಿಚಾರಿಸಿಕೊಂಡು ಬಂದು, ನ್ಯೂಟೌನಿನ ಮುರಿಗೆಪ್ಪನ ಅಂಗಳದಲ್ಲಿ ಮಿನಿ ಬಸ್ಸಿನಿಂದ ಇಳಿದರು. ಗಂಡಿನ ತಾಯಿ ಗೋಪುರವನ್ನು ನೋಡಿ ಕೈಮುಗಿದು ದಕ್ಷಿಣೆಯನ್ನೂ ಇಟ್ಟರು.

ಕೊನೆಗೆ ಹೆಣ್ಣೇ ಇಲ್ಲಿಗೆ ಬಂದಳು. ಅತ್ತೆ ಹೊಲಿದ ರವಿಕೆ ತೊಟ್ಟು, ಕಾರಿನ ಮುಂದೆ, ಅಪ್ಪನ ಗೇಟಿನ ಪಕ್ಕದಲ್ಲಿ ಮಣೆಯ ಮೇಲೆ ಕೂತಳು. ಆರತಿ ಎತ್ತಿದವಳು ಸೋದರತ್ತೆ ದಾಕ್ಷಾಯಣಿ.

ಮುರಿಗೆಪ್ಪ ಕೊಟ್ಟ ಮಾತು ಉಳಿಯಿತು. ಗಾಲಿಗಳ ಮುಂದಿನ ನಿಂಬೆಹಣ್ಣು ನಾಲ್ಕೂ ಇಟ್ಟ ಹಾಗೇ ಇದ್ದವು.