ಮಾನ ಉಳಿಸಿದ ಕೊರೋನಾ

ಕೊರೋನಾ ಬಂದರೆ ಹದಿನಾಲ್ಕು ದಿನದಲ್ಲಿ ಹೋಗುತ್ತದೆ. ಮನೆಯಲ್ಲಿ ಒಬ್ಬರಿಗೆ ತಲೆ ಕೆಟ್ಟರೆ ಆ ಮನೆ ಹೆಣ್ಣಿಗೆ ಸಂಬಂಧವೇ ಬರುವುದಿಲ್ಲ. ಆಗ ಶ್ರೀನಿವಾಸಪುರದಲ್ಲಿ ಎಲ್ಲರೂ ನಂಬಿದ್ದು ಇದನ್ನೇ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ನಾನೂ ನಂಬಿದ್ದೆ. ಹಾಗಾಗಿ ಆ ತಿಂಗಳು ನನಗೆ ನಾಚಿಕೆಪಡುವ ಕೆಲಸಕ್ಕೇನೂ ಕೊರತೆಯಾಗಲಿಲ್ಲ.

ರಿಪೋರ್ಟು

ತಂಗಿಗೆ ಗೌನಿಪಲ್ಲಿಯಿಂದ ಒಳ್ಳೆಯ ಸಂಬಂಧ ಬಂದಿತ್ತು. ಅದೇ ವಾರ ನನಗೆ ಎದೆ ಹೊಡೆದುಕೊಂಡು, ಕೈ ನಡುಗಿ, ಉಸಿರು ಸಿಕ್ಕದೆ ಕೋಲಾರಕ್ಕೆ ಓಡಿದೆ. ಡಾಕ್ಟರು ರಿಪೋರ್ಟು ನೋಡಿ, "ಕೊರೋನಾ ಇಲ್ಲ. ಇದು ಗಾಬರಿ ಕಾಯಿಲೆ. ಮನೋವೈದ್ಯರನ್ನ ನೋಡಿ" ಅಂದರು.

"ಸ್ವಲ್ಪವೂ ಇಲ್ವಾ ಸಾರ್, ಕೊರೋನಾ?"

ಮನೋವೈದ್ಯರನ್ನು ನೋಡಿದೆ. ಊರಿಗೆ ಬಂದು ಕೊರೋನಾ ಅಂದೆ.

ಬೊಂಬು

ರಿಪೋರ್ಟು ಯಾರೂ ಕೇಳಲಿಲ್ಲ. ಬೀದಿಯವರೇ ಬೀದಿಗೆ ಅಡ್ಡಲಾಗಿ ಬೊಂಬು ಕಟ್ಟಿದರು. ಲಾಕ್‌ಡೌನ್ ಸಡಿಲಿಸಿದ ಮೇಲೆ ಆಗಷ್ಟೇ ತೆರೆದಿದ್ದ ಪಕ್ಕದ ಮನೆ ದರ್ಜಿ ಸಾಹೇಬರ ಅಂಗಡಿ ಮತ್ತೆ ಮುಚ್ಚಿತು. ಆದರೂ ಅವರ ಹೆಂಡತಿ ದಿನಾ ಕಾಂಪೌಂಡ್ ಗೋಡೆ ಮೇಲೆ ಕೋಳಿ ಸಾರು ಇಟ್ಟುಹೋಗುತ್ತಿದ್ದರು. ಇಲ್ಲದ ಕೊರೋನಾಕ್ಕೆ ಅಷ್ಟನ್ನೂ ಕುಡಿದೆ. ಈಗಲೂ ಅವರಿಗೆ ನಿಜ ಹೇಳಿಲ್ಲ.

ಸಾಹೇಬರು ಆಚೆಯಿಂದ ಧೈರ್ಯ ಹೇಳುತ್ತಿದ್ದರು: "ಹೆದರಬೇಡಿ ಸಾರ್. ಬರೀ ಕೊರೋನಾ ತಾನೇ? ತಲೆ ನೆಟ್ಟಗಿದೆಯಲ್ಲ, ಅಷ್ಟು ಸಾಕು."

ಉಪನ್ಯಾಸ

ಪ್ರಿನ್ಸಿಪಾಲರ ಫೋನು: "ಮನೇಲಿ ಸುಮ್ಮನೆ ಕೂತಿದ್ದೀರಲ್ಲ, ಮಾನಸಿಕ ಕಾಯಿಲೆ ಮತ್ತು ಸಮಾಜ ಅಂತ ಆನ್‌ಲೈನಲ್ಲಿ ಮಾತಾಡ್ರೀ."

ಬೆವರುವ ಮುಖ ಕಾಣದಿರಲಿ ಅಂತ ಕ್ಯಾಮೆರಾ ಆಫ್ ಮಾಡಿ, ಇಂಥ ಕಾಯಿಲೆ ಮುಚ್ಚಿಡಬಾರದು ಎಂದು ಮುಕ್ಕಾಲು ಗಂಟೆ ಹೇಳಿದೆ.

ಮುಗಿದ ಮೇಲೆ ಪ್ರಿನ್ಸಿಪಾಲರು, "ಅನುಭವಿಸಿದವರ ಥರ ಮಾತಾಡಿದ್ರಿ ಕಣ್ರೀ!" ಅಂದರು.

"ಛೆ ಛೆ, ಓದಿದ್ದು ಸಾರ್."

ಹೆಣ್ಣು ನೋಡುವ ಶಾಸ್ತ್ರ

ಬೊಂಬು ಬಿಚ್ಚಿದ ಮೇಲೆ ಗೌನಿಪಲ್ಲಿಯವರು ಬಂದರು. ತಂಗಿ ಕಾಫಿ ತಂದಳು. ನಾನು ಬೆವರು ಒರೆಸಲು ಕರ್ಚೀಫು ಎಳೆದರೆ ಅದರ ಜೊತೆ ಜೇಬಿನಲ್ಲಿದ್ದ ಮಾತ್ರೆಯ ಸ್ಟ್ರಿಪ್ಪು ಹಾರಿ ಹುಡುಗನ ತಾಯಿಯ ಕಾಲ ಬಳಿ ಬಿತ್ತು. ಆಕೆ ಎತ್ತಿಕೊಂಡು ಹೆಸರು ಓದಿದರು. ತಂಗಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

"ಅದು... ಕೊರೋನಾದ್ದು" ಅಂದೆ.

ಆಕೆ ಸ್ಟ್ರಿಪ್ಪನ್ನು ತಿರುಗಿಸಿ ನೋಡಿ, ಪಕ್ಕದಲ್ಲಿ ಕೂತಿದ್ದ ಗಂಡನ ಕಡೆ ಕೈ ತೋರಿಸಿದರು.

"ಯಾವ ಕೊರೋನಾ ನಾಯನಾ? ನಮ್ಮೆಜಮಾನ್ರು ಆರು ವರ್ಷದಿಂದ ಇದನ್ನೇ ತಗೋತಿದಾರೆ."