ಮುಳುಗಿದ ಮಾಲು, ತೇಲಿದ ಮಾತು

ನಮ್ಮೂರು ಮುನವಳ್ಳಿ. ಮಲಪ್ರಭೆಯಲ್ಲಿ ಈಜು ಕಲಿತ ನಾನು ಅಂಡಮಾನಿನ ಒಂದು ಬಂದರಿನಲ್ಲಿ ಇಪ್ಪತ್ತೆರಡು ವರ್ಷ ಮುಳುಗಿದ ಹಡಗು ಎತ್ತುವ ಕೆಲಸ ಮಾಡಿ, ಹೋದ ವರ್ಷ ಊರಿಗೆ ಮರಳಿದೆ. ಈ ಕೆಲಸದಲ್ಲಿ ನೀರೊಳಗೆ ನಗುವಂಥದ್ದೇನೂ ಇರುವುದಿಲ್ಲ. ಮೇಲೆ ಬಂದ ಕೂಡಲೇ ಒಂದಿಲ್ಲೊಂದು ನಡೆದೇ ಇರುತ್ತದೆ.

ಕನ್ಯಾ ನೋಡಲು ಹೋದಾಗ

ಕೆಲಸಕ್ಕೆ ಸೇರಿದ ಮರುವರ್ಷ ರಜೆಯಲ್ಲಿ ಬಂದಾಗ ಸಂಪಗಾಂವಿಗೆ ಕನ್ಯಾ ನೋಡಲು ಹೋದೆವು. ಹುಡುಗಿಯ ಅಪ್ಪ ಜೋಳ, ಹತ್ತಿ ಬೆಳೆಯುವ ರೈತರು; ಸಮುದ್ರ ಕಂಡವರಲ್ಲ. ಅವಲಕ್ಕಿ, ಚಹಾ ಆದ ಮೇಲೆ ನನ್ನ ಕೆಲಸವೇನೆಂದು ಕೇಳಿದರು. ಹೇಳಿದೆ. ರುಮಾಲು ಸರಿಮಾಡಿಕೊಂಡು, "ಮತ್ತ ಹಡಗು ಮುಳುಗಲಿಲ್ಲಂದ್ರ?" ಎಂದರು.

ಒಳಗಿನಿಂದ ಹುಡುಗಿ ನಕ್ಕದ್ದು ಕೇಳಿಸಿತು. ಆ ನಗುವಿಗೇ ನಾನು ಒಪ್ಪಿಬಿಟ್ಟೆ.

ಮದುವೆಯಾದ ಮೇಲೆ ಮಾವ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. ಮೊದಲು ಮಗಳ ಕ್ಷೇಮ ವಿಚಾರಿಸಿ, ಆಮೇಲೆ ದನಿ ತಗ್ಗಿಸಿ, "ಯಾವ್ದರ ಮುಳುಗೈತೇನ್ರಿ?" ಎನ್ನುವರು. ಒಂದು ಮಳೆಗಾಲ ಪೂರ್ತಿ ಏನೂ ಮುಳುಗಲಿಲ್ಲ. ಹಾಗೆಂದು ಹೇಳಿದಾಗ ಅವರೇ ನನಗೆ ಧೈರ್ಯ ಹೇಳಿದರು: "ಚಿಂತಿ ಮಾಡಬ್ಯಾಡ್ರಿ, ದೇವರು ಕಣ್ಣು ಬಿಡ್ತಾನ."

ಉಳ್ಳಾಗಡ್ಡಿ ದೋಣಿ

ಒಮ್ಮೆ ಉಳ್ಳಾಗಡ್ಡಿ ತುಂಬಿದ ದೊಡ್ಡ ದೋಣಿಯೊಂದು ಬಂದರಿನ ಬಾಯಲ್ಲೇ ಬಂಡೆಗೆ ತಾಗಿ ಮುಳುಗಿತು. ಜನ ಈಜಿ ದಡ ಸೇರಿದ್ದರು. ನಾವು ಕೆಳಗಿಳಿದು ದೋಣಿಯ ಮಾಲಿನ ಕೋಣೆಯ ಬಾಗಿಲು ಬಿಚ್ಚಿದ್ದೇ ತಡ, ಹರಿದ ಚೀಲಗಳ ಉಳ್ಳಾಗಡ್ಡಿಯೆಲ್ಲ ನಮ್ಮ ಮುಖ ಸವರುತ್ತ ಮೇಲಕ್ಕೆ ಹೊರಟಿತು. ನಾವು ಮೇಲೆ ಬರುವಷ್ಟರಲ್ಲಿ ದಂಡೆಯ ತುಂಬ ಬುಟ್ಟಿ ಹಿಡಿದ ಹೆಂಗಸರು. ಅವರಲ್ಲಿ ನನ್ನ ಹೆಂಡತಿಯೂ ಇದ್ದಳು.

ಮರುದಿನ ದೋಣಿಯ ಮಾಲಕ ತನ್ನ ಮಾಲು ಏನಾಯಿತೆಂದು ವಿಚಾರಿಸಲು ನಮ್ಮ ಮನೆಗೇ ಬಂದ. ಪಾಪ, ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಮನೆಗೆ ಬಂದವರನ್ನು ಹಾಗೇ ಕಳಿಸುವುದುಂಟೇ ಎಂದು ನನ್ನ ಹೆಂಡತಿ ಹಿಂದುಮುಂದು ನೋಡದೆ ಬಿಸಿ ಉಳ್ಳಾಗಡ್ಡಿ ಭಜಿ ತಂದಿಟ್ಟಳು. ನಾನು ನೆಲ ನೋಡುತ್ತ ಕುಳಿತೆ. ಅವನು ನಾಲ್ಕು ತಿಂದ. ಐದನೆಯದನ್ನು ಮುರಿದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮಾಲು ಒಳ್ಳೆಯದೇ ಇತ್ತು, ಉಪ್ಪು ಮಾತ್ರ ಒಂದಿಷ್ಟು ಹೆಚ್ಚಾಗಿದೆ ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದ.

ಬಾವಿಯ ಕೊಡ

ಊರಿಗೆ ಮರಳಿದ ಮೇಲೆ ಸಿಕ್ಕ ಮೊದಲ ಕೆಲಸ ನಮ್ಮ ಓಣಿಯ ಸೇದುವ ಬಾವಿಯದು. ಯಾರದೋ ಮೋಟರ್ ಒಳಗೆ ಬಿದ್ದಿತ್ತು. ಚಿಕ್ಕಂದಿನಲ್ಲಿ ಆ ಬಾವಿಯ ಗಡಗಡಿಯ ಸದ್ದಿಗೇ ನಮಗೆ ಎಚ್ಚರವಾಗುತ್ತಿತ್ತು. ಈಗ ಮನೆಮನೆಗೆ ನಳ ಬಂದು, ಕಟ್ಟೆಯ ಮೇಲೆ ಹುಲ್ಲು ಬೆಳೆದಿದೆ.

ಮೋಟರಿಗೆ ಹಗ್ಗ ಕಟ್ಟುವಾಗ ಕೆಸರಿನಲ್ಲಿ ತಾಮ್ರದ ಕೊಡವೊಂದು ಕೈಗೆ ತಾಗಿತು. ಮೇಲೆ ತಂದು ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಕಂಠದ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು ಕಂಡಿತು. ಅದು ನಮ್ಮ ಎದುರು ಮನೆಯ ಅಜ್ಜಿಯ ಹೆಸರು.

ಮೂವತ್ತು ವರ್ಷದ ಹಿಂದೆ ಬಾವಿಕಟ್ಟೆಯ ಮೇಲಿಟ್ಟ ಆ ಕೊಡ ಕಾಣೆಯಾದಾಗ ಅಜ್ಜಿ ತನ್ನ ಜೀವದ ಗೆಳತಿಯಾದ ಪಕ್ಕದ ಮನೆಯಾಕೆಯನ್ನೇ ಕಳ್ಳಿ ಎಂದಿದ್ದಳು. ಅಂದಿನಿಂದ ಮಾತಿಲ್ಲ, ಹಬ್ಬದ ಹೋಳಿಗೆ ಕೂಡ ಗೋಡೆ ದಾಟಿರಲಿಲ್ಲ. ಇಬ್ಬರ ಕೈಯಲ್ಲೂ ಉಂಡು ಬೆಳೆದವನು ನಾನು.

ಇಬ್ಬರನ್ನೂ ಕರೆಸಿದರು. ಅಜ್ಜಿ ಆ ಹೆಸರನ್ನು ಬೆರಳಿನಿಂದ ಸವರಿ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಗೆಳತಿಯ ಕಡೆ ತಿರುಗಿ, "ನಂದ ತಪ್ಪಾತವ್ವಾ" ಎಂದಳು.

ಗೆಳತಿ ಹತ್ತಿರ ಬಂದು ಕೊಡ ಎತ್ತಿ ಟೊಂಕದ ಮೇಲಿಟ್ಟುಕೊಂಡು ತನ್ನ ಮನೆಯ ಕಡೆ ನಡೆದಳು. ಎಲ್ಲಿಗೆ ಒಯ್ಯುತ್ತೀ ಎಂದು ಅಜ್ಜಿ ಗಾಬರಿಯಿಂದ ಕೇಳಿದಳು.

ಆಕೆ ತಿರುಗಿಯೂ ನೋಡಲಿಲ್ಲ. "ಮೂವತ್ತು ವರ್ಷ ಕಳ್ಳಿ ಅನ್ನಿಸ್ಕೊಂಡೇನಿ. ಈಗರ ಕೊಡ ಒಯ್ಯತೇನಿ ಬಿಡು."