ಹಾಜರಿ ಪುಸ್ತಕ ಮತ್ತು ನಮ್ಮ ಭಾವ

ರೊಟ್ಟಿ ಬಡಿಯುತ್ತಿದ್ದೆ. ಪೋಸ್ಟಿನವ ಇನ್‌ಲ್ಯಾಂಡ್ ಪತ್ರ ಒಗೆದು ಹೋದ. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ತಪಾಸಣೆಗೆಂದು ಕಲಘಟಗಿಗೆ ಬರುವವರಿದ್ದು, ನಾಲ್ಕು ದಿನ ನಮ್ಮಲ್ಲೇ ಇಳಿಯುತ್ತಾರಂತೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿದ್ದು ಆಗಲೇ. ಯಮಧರ್ಮ ಬಂದರೂ ಒಂದು ಕಪ್ ಚಹಾ ಕೊಟ್ಟು ಒಲಿಸಿಕೊಳ್ಳಬಹುದು; ನಮ್ಮ ಭಾವ ಆ ಚಹಾ ಮಂಜೂರು ಮಾಡಿದವರು ಯಾರು ಅಂತ ಕೇಳುವ ಮನುಷ್ಯ!

ಸರಕಾರದ ನಿಗಮಗಳ ಆಡಳಿತ ನೆಟ್ಟಗಿದೆಯೋ ಇಲ್ಲವೋ ನೋಡುವುದು ಅವರ ನೌಕರಿ. ಮೀಟಿಂಗು ಖರೇ ಆಯಿತೇ, ಬಂದವರು ಯಾರು, ತಮ್ಮವರ ವಿಷಯ ಬಂದಾಗ ಎದ್ದು ಹೊರಗೆ ಹೋದರೇ... ಕಚೇರಿಯಲ್ಲಿ ಕೇಳಲಿ, ಬೇಡ ಅಂದವರು ಯಾರು? ನನ್ನ ಅಡಿಗೆಮನೆಯಲ್ಲಿ ಯಾಕೆ? ಬಂದ ದಿನವೇ ಬದನೆಕಾಯಿ ಪಲ್ಯ ನೋಡಿ, ಇದನ್ನೇ ಮಾಡಬೇಕೆಂದು ಗೊತ್ತು ಮಾಡಿದವರು ಯಾರು ಅಂದರು. ನಾನೇ ಅಂದೆ. ಬದನೆಕಾಯಿ ಸೇರುವುದು ಯಾರಿಗೆ ಅಂದರು. ನನಗೇ ಅಂದೆ.

"ಹಂಗಾದ್ರ ಆ ನಿರ್ಣಯದಾಗ ನೀ ಇರಬಾರದಿತ್ತು ತಂಗಿ," ಅಂತ ಹೇಳಿ ಎರಡು ಸಲ ಹಾಕಿಸಿಕೊಂಡು ಉಂಡರು.

ದೇವರ ಮುಂದೆ ಕೈಮುಗಿದರೆ, ಬರೀ ನಿನ್ನ ಮಕ್ಕಳದಷ್ಟೇ ಬೇಡಿಕೊಂಡಿಯಲ್ಲ, ಓಣಿಯವರದು ಯಾರು ಬೇಡಬೇಕು ಅಂತ ತಕರಾರು. ನನ್ನ ಕೈಹಿಡಿದವರು ಇವರ ತಮ್ಮ, ಇವರಲ್ಲ. ಶಿವ ಅಷ್ಟಾದರೂ ಕಣ್ತೆರೆದ.

ಈ ಸಲದ ತಪಾಸಣೆ ಬೀಜದ ನಿಗಮದ್ದು. ಅದರ ತಾಲೂಕು ಸಮಿತಿಯಲ್ಲಿ ದೇವಿಕೊಪ್ಪದ ನಮ್ಮಪ್ಪ ರೈತರ ಪರವಾಗಿ ಕೂಡುತ್ತಿದ್ದ. ಕೂಡುತ್ತಿದ್ದನೇ? ಅಲ್ಲಿಯ ರೂಢಿಯೇ ಬೇರೆ. ಮೀಟಿಂಗಿಗೆ ಮಂದಿ ಬರದಿದ್ದರೆ ಮರುದಿನ ಕಚೇರಿಯ ಶಿಪಾಯಿ ಹಾಜರಿ ಪುಸ್ತಕ ಬಗಲಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ, ಚಹಾ ಕುಡಿದು, ಸಹಿ ಹಾಕಿಸಿಕೊಂಡು ಬರುತ್ತಿದ್ದ. ಸದಸ್ಯರು ಮೀಟಿಂಗಿಗೆ ಹೋಗುವುದೇಕೆ, ಮೀಟಿಂಗೇ ಹೊಲದ ಬದುವಿಗೆ ಬರುವಾಗ!

ಮೂರನೆಯ ದಿನ ಸಂಜೆ ಭಾವ ಕಟ್ಟೆಯ ಮೇಲೆ ಕೂತು ಸಣ್ಣ ದನಿಯಲ್ಲಿ ಕೇಳಿದರು.

"ತಂಗಿ, ನಿನ್ನ ಕೂಸಿನ್ನ ತೊಟ್ಟಿಲದಾಗ ಹಾಕಿದ ದಿನ ನಿಮ್ಮಪ್ಪ ಎಲ್ಲಿದ್ರು?"

ಎಲ್ಲಿರುತ್ತಾನೆ? ಬಣ್ಣದ ತೊಟ್ಟಿಲು ಹೊರಿಸಿಕೊಂಡು ಬಂದು, ನಮ್ಮ ಪಡಸಾಲೆಯಲ್ಲಿ ಇದೇ ಭಾವನ ಪಂಕ್ತಿಯಲ್ಲಿ ಹೋಳಿಗೆ ಉಂಡಿದ್ದ. ಅದೇ ದಿನದ ಮೀಟಿಂಗಿಗೆ ಪುಸ್ತಕದಲ್ಲಿ ಅವನ ಸಹಿ ಇರಬೇಕು, ಇಲ್ಲದಿದ್ದರೆ ಭಾವ ಕೇಳುತ್ತಿದ್ದರೇ! ಇದನ್ನು ಭಾವ ತಪಾಸಣೆಯ ವರದಿಯಲ್ಲಿ ಬರೆದರೆ ಈ ವಯಸ್ಸಿನಲ್ಲಿ ಅಪ್ಪ ಊರಲ್ಲಿ ತಲೆಯೆತ್ತಿ ಹೇಗೆ ತಿರುಗಬೇಕು? ಆದರೆ ಹಣೆಗೆ ವಿಭೂತಿ ಹಚ್ಚಿಕೊಂಡವಳು ಸುಳ್ಳು ಹೇಗೆ ಆಡಲಿ?

"ನಿಮ್ಮ ಬಾಜೂಕನ ಕುಂತಿದ್ರಲ್ರಿ. ಬರೀತೀರೇನ್ರಿ?"

"ಬರೀಬೇಕಲ್ಲವಾ," ಅಂದರು.

ಮರುದಿನ ಬೆಳಿಗ್ಗೆ ಅವರ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಅದನ್ನೇ ಕುಡಿದು ಮೊದಲ ಬಸ್ಸು ಹಿಡಿದರು. ಮಧ್ಯಾಹ್ನ ಬಂದದ್ದು ನಮ್ಮಪ್ಪನ ಜೊತೆಗೆ!

ನೆಟ್ಟಗೆ ದೇವಿಕೊಪ್ಪಕ್ಕೆ ಹೋಗಿದ್ದರಂತೆ. ನಾವು ಬರೆಯುವ ಮೊದಲು ನೀವೇ ಹೇಳಿಬಿಟ್ಟರೆ ಯಾರೂ ನಿಮ್ಮ ಕಡೆ ಬೆರಳು ಮಾಡಲಾರರು ಅಂದರಂತೆ. ಆ ದಿನ ತಾನು ಮೀಟಿಂಗಿನಲ್ಲಿ ಇರಲಿಲ್ಲವೆಂದು ಅಪ್ಪ ತನ್ನ ಕೈಯಾರೆ ಬರೆದು, ಸಮಿತಿಯ ಕುರ್ಚಿ ಬಿಟ್ಟ. ಭಾವನೂ ಬರೆದರು: ಇವರು ನಮ್ಮ ಬೀಗರು, ಮುಂದಿನ ತಪಾಸಣೆ ಬೇರೆಯವರು ಮಾಡಲಿ.

ಅಪ್ಪ ಒಳಗೆ ಬರಲು ಅಳುಕಿ ಅಂಗಳದಲ್ಲೇ ನಿಂತಿದ್ದ. ಭಾವ ನನ್ನ ಕೈಯ ತಂಬಿಗೆ ಇಸಕೊಂಡು, ಬಗ್ಗಿ ತಾವೇ ಅಪ್ಪನ ಕಾಲಿಗೆ ನೀರು ಹಾಕಿದರು.

"ಒಳಗ ಬರ್ರಿ ಬೀಗರ. ಊಟಕ್ಕ ಕೂಡೂಣು."

ಓಣಿಯ ನಳ ಬಿಟ್ಟಿದ್ದರು. ಇಬ್ಬರಿಗೂ ಬಡಿಸಿ, ಭಾವನ ಚಹಾಕ್ಕೆ ಇನ್ನು ಸಕ್ಕರೆ ತಪ್ಪಿಸಬಾರದು ಅಂದುಕೊಂಡು, ನಾನು ಕೊಡ ತೆಗೆದುಕೊಂಡು ನೀರಿಗೆ ಪಾಳಿ ಹಚ್ಚಲು ಹೋದೆ.